ಬೇಲಿಯ ಮೇಲಿನ ನಸುಗುನ್ನಿ

“ಅಜ್ಜಾರ, ಚರಂತಯ್ಯನವರನ್ನ ಬ್ಯಾರೆ ಮಠಕ್ಕ ಕಳಿಸಿದ್ರ ಆಗೂದಿಲ್ಲೇನ್ರಿ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಶಂಭುಲಿಂಗ. ಸಂಜೆಯ ಪೂಜೆ ಮುಗಿದಿತ್ತು. ಅವನು ಎಲ್ಲಿಯೂ ತಡವರಿಸದೆ ಹಾಡಿದ್ದನ್ನು ಕೇಳಿ ಭಕ್ತರು ಬಾಯಿ ತುಂಬ ಹೊಗಳಿದ್ದರು. ಅವರು ಇನ್ನೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು, ಅಷ್ಟರಲ್ಲಿ ಮಠದ ಹಿರಿಯರಾದ ಚರಂತಯ್ಯನವರು ಎಲ್ಲರ ಮುಂದೆ, “ಕಡೀ ನುಡಿ ಹಾಡೂಮುಂದ ಮಾರಿ ಯಾಕ ಹಂಗ ಮಾಡಿದ್ಯೋ? ಉಳ್ಳಾಗಡ್ಡಿ ಹೆಚ್ಚಾಕ ಕುಂತಂಗ ಕಾಣತಿತ್ತು” ಎಂದುಬಿಟ್ಟರು. ಭಕ್ತರು ನಕ್ಕರು. ಆ ನಗು ಶಂಭುಲಿಂಗನಿಗೆ ಇನ್ನೂ ಚುಚ್ಚುತ್ತಿತ್ತು.

ಮರುದಿನ ಶಾಖಾಮಠಕ್ಕೆ ಜೋಳ ಒಯ್ಯುವ ಗಾಡಿ ಹೊರಡುವುದಿತ್ತು. ಗುರುಗಳು ಹೂಂ ಎಂದರೆ ಮುದುಕರು ಅದರಲ್ಲೇ ಹೋಗಬೇಕು. ಗುರುಗಳು ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಜೋಳ ಬಿತ್ತುವುದರಲ್ಲಿ ಅವನದು ಎತ್ತಿದ ಕೈ. ಎತ್ತು ಎಳೆಯುವ ಕೂರಿಗೆಯ ಹಿಂದೆ ನಡೆಯುತ್ತ, ಮುಷ್ಟಿಯಿಂದ ಕಾಳನ್ನು ಅದರ ಬಟ್ಟಲಿಗೆ ಬಿಡುತ್ತ ಹೋಗಬೇಕು. ಮುಷ್ಟಿ ಹೆಚ್ಚು ಬಿಚ್ಚಿದರೆ ಪೈರು ಗುಂಪಾಗುತ್ತದೆ, ಕಡಿಮೆ ಬಿಚ್ಚಿದರೆ ಸಾಲು ಬರಿದಾಗುತ್ತದೆ. ಬಿತ್ತುವ ದಿನ ಯಾರಿಗೂ ಏನೂ ಕಾಣುವುದಿಲ್ಲ. ಮೊಳಕೆ ಬಂದ ಮೇಲೆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಹೊಲಕ್ಕೆ ಮುಸುಕು ಹಾಕಲು ಬರುವುದಿಲ್ಲವಲ್ಲ.

ಆ ವರ್ಷ ಅವನ ಕೈ ನಡುಗತೊಡಗಿತ್ತು. ಹೆಂಡತಿಗೂ ಹೇಳದೆ ಬಿತ್ತಿದ. ಹಿಂಗಾರಿ ಜೋಳ ಎದ್ದಾಗ ಒಂದು ಕಡೆ ಕುಚ್ಚು ಕುಚ್ಚು, ಒಂದು ಕಡೆ ಬೋಳು. ಜನ ನೋಡಿದರು, ಏನೂ ಅನ್ನಲಿಲ್ಲ. ಅವನಿಗೆ ಅದೇ ಹೆಚ್ಚು ನೋವಾಯಿತು. ಮುಂದಿನ ಬಿತ್ತನೆಗೆ ತನ್ನ ಹೊಲದಲ್ಲಿ ಬೇರೆಯವರನ್ನು ನಿಲ್ಲಿಸಿ ತಾನು ಬದುವಿನ ಮೇಲೆ ಕೂರಬೇಕಲ್ಲ ಎಂದು ಒಳಗೊಳಗೇ ಕುಗ್ಗಿದ.

ಅವನ ಬೇಲಿಯ ಮೇಲೆ ಯಾರೂ ನೆಡದ ಒಂದು ನಸುಗುನ್ನಿ ಬಳ್ಳಿ ಹಬ್ಬಿತ್ತು. ಅದರ ಕಾಯಿಯ ತುಂಬ ಕಂದು ರೋಮ. ಮೈಗೆ ತಾಕಿದರೆ ಮುಗಿಯಿತು, ತುರಿಕೆ. ಒಂದು ದಿನ ಅವನ ಎತ್ತು ಆ ಬೇಲಿಗೆ ಮೈ ಉಜ್ಜಿಕೊಂಡು, ಹಗ್ಗ ಹರಿದು, ಊರೆಲ್ಲ ಕುಣಿಯಿತು. ರೈತ ಸಿಟ್ಟಿನಿಂದ ಕುಡಗೋಲು ಹಿಡಿದು ಹೊರಟ. ಮಟಮಟ ಮಧ್ಯಾಹ್ನ, ಗಾಳಿ ಬೇರೆ. ಒಣಗಿದ ಕಾಯಿಗೆ ಒಂದು ಏಟು ಬಿದ್ದದ್ದೇ ತಡ, ರೋಮವೆಲ್ಲ ಹಾರಿ ಅವನ ಕೊರಳು, ತೋಳು, ಬೆನ್ನಿಗೆ ಕೂತಿತು. ಕುಡಗೋಲು ಅಲ್ಲೇ ಬಿಸಾಕಿ ಓಡಿದ. ಈಗ ಕುಣಿಯುವ ಸರದಿ ಅವನದು. ಹೆಂಡತಿ ಅವನ ಮೈಗೆಲ್ಲ ಸಗಣಿ ಬಳಿದು, ಆ ಕಡೆ ತಿರುಗಿ ನಕ್ಕಳು.

ಅಷ್ಟಕ್ಕೆ ತುರಿಕೆ ಪೂರ್ತಿ ಹೋಗಲಿಲ್ಲ. ಮರುದಿನ ಪಕ್ಕದ ಊರಿನ ವೈದ್ಯರ ಮುಂದೆ ಕೂತು ತೋಳು ಚಾಚಿದ.

“ಈ ಹಾಳ ಬಳ್ಳಿ ನಾಳೆ ಸುಟ್ಟ ಬಿಡತೇನ್ರಿ” ಎಂದ.

ವೈದ್ಯರ ಕಣ್ಣು ತೋಳಿನ ದದ್ದಿನ ಮೇಲೆ ಇರಲಿಲ್ಲ, ಬೆರಳುಗಳ ಮೇಲಿತ್ತು.

“ಕೈ ಯಾವಾಗಿಂದ ನಡಗಾಕ ಹತ್ತೈತಿ?”

ರೈತ ಕೈ ಹಿಂದೆ ಎಳೆದುಕೊಂಡ. ಆಮೇಲೆ ಅತ್ತುಬಿಟ್ಟ. ಹೆಂಡತಿಗೂ ಹೇಳದ್ದನ್ನು ಅವರಿಗೆ ಹೇಳಿದ.

“ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ಲ. ಹತೋಟಿಗೆ ಬರತೈತಿ” ಎಂದರು ವೈದ್ಯರು. “ಅದಕ್ಕ ಮದ್ದು ಅಂದ್ರ ನಸುಗುನ್ನಿ ಬೀಜ. ನನ್ನ ಕಡೆ ಇದ್ದವು ತೀರ್ಯಾವು. ಎಲ್ಲಾರೂ ತಂತಮ್ಮ ಬೇಲಿ ಸವರಿ ಕುಂತಾರ. ನಿಂದೊಂದ ಉಳದೈತಿ, ಅದನ್ನೂ ನಾಳೆ ಸುಡತೇನಿ ಅಂತಿ.”

ರೈತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವೈದ್ಯರು ಹೇಳಿಕೊಟ್ಟಂತೆ, ಇಬ್ಬನಿ ಆರದ ಮುಂಜಾನೆ ಬೇಲಿಗೆ ಹೋದ. ರೋಮವೆಲ್ಲ ನೆನೆದು ಕಾಯಿಗೇ ಅಂಟಿಕೊಂಡಿತ್ತು. ಕೈಗೆ ಗೋಣಿ ಸುತ್ತಿಕೊಂಡು, ಅವಸರ ಮಾಡದೆ, ಗೊಂಚಲು ಗೊಂಚಲಾಗಿ ಕೊಯ್ದ. ಏನೂ ಆಗಲಿಲ್ಲ. ವೈದ್ಯರು ಬೀಜವನ್ನು ಹಾಲಿನಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಿ, ಅಳತೆ ಹೇಳಿ ಕೊಟ್ಟರು. ಅಳತೆ ಮೀರಿದರೆ ಕೇಡು ಎಂದು ಎಚ್ಚರಿಸಿದರು.

ಅವನ ಹೊಲದಲ್ಲಿ ಕರಿಕೆ ಹುಲ್ಲು ತುಂಬಿ ಹಾಳುಬಿದ್ದ ಒಂದು ಮೂಲೆಯಿತ್ತು. ಮಿಕ್ಕ ಬೀಜವನ್ನು ಮುಂಗಾರು ಮಳೆಗೆ ಅಲ್ಲಿ ಊರಿದ. ಅದೂ ವೈದ್ಯರ ಮಾತೇ. ಬಳ್ಳಿ ಹಬ್ಬಿ ನೆಲ ಮುಚ್ಚಿತು. ಬಿಸಿಲು ಕಾಣದೆ ಕರಿಕೆ ಬಿಳಿಚಿಕೊಂಡು ಸೊರಗಿತು. ಕಾಯಿ ಕಟ್ಟುವ ಮುನ್ನವೇ ಬಳ್ಳಿಯನ್ನು ಉತ್ತು ಮಣ್ಣಿಗೆ ಸೇರಿಸಿದ. ಕಾಯಿಯೇ ಇಲ್ಲದ ಮೇಲೆ ತುರಿಕೆ ಎಲ್ಲಿಂದ ಬರಬೇಕು? ಮಣ್ಣು ಕೈಯಲ್ಲಿ ಹಿಡಿದರೆ ಪುಡಿಪುಡಿಯಾಗುವಷ್ಟು ಮೆತ್ತಗಾಯಿತು.

ಹಿಂಗಾರಿ ಬಂತು. ರೈತ ತಾನೇ ಕೂರಿಗೆಯ ಹಿಂದೆ ನಿಂತ. ಕೈ ಸ್ವಲ್ಪ ನಡುಗಿತು, ಆದರೆ ಮುಷ್ಟಿ ಹೇಳಿದ ಮಾತು ಕೇಳಿತು. ಜೋಳ ಸಾಲಾಗಿ ಎದ್ದಿತು. ಹಾಳುಬಿದ್ದಿದ್ದ ಮೂಲೆಯಲ್ಲಂತೂ ಉಳಿದ ಹೊಲಕ್ಕಿಂತ ಒಂದು ಗೇಣು ಎತ್ತರ. ಅವತ್ತು ಕೆಲಸವಿಲ್ಲದಿದ್ದರೂ ರೈತ ದಾರಿಯ ಬದಿಗೆ ಹೋಗಿ ನಿಂತ. ಹೋಗಿಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸಿದ. ಅವನಿಗೆ ಅಷ್ಟು ಸಂತೋಷವಾಗಿತ್ತು.

ಬೇಲಿಯ ಬಳ್ಳಿಯನ್ನು ಕೀಳಲಿಲ್ಲ. ನೋಡಿಕೊಂಡು ನಡೆಯಲಿ ಎಂದು ಪಕ್ಕದ ಗೂಟಕ್ಕೆ ಸುಣ್ಣ ಬಳಿದ.

ಗುರುಗಳು ಕತೆ ನಿಲ್ಲಿಸಿದರು. ಶಂಭುಲಿಂಗನಿಗೆ ಕತೆ ಹಿಡಿಸಿತ್ತು, ಮುನಿಸು ಮಾತ್ರ ಇಳಿದಿರಲಿಲ್ಲ.

“ಬಳ್ಳಿಯಿಂದ ಅವನ ಕೈ ನೆಟ್ಟಗಾತು, ಖರೆ. ಚರಂತಯ್ಯನವರಿಂದ ನನಗೇನ ಆಗೇತ್ರಿ?”

ಗುರುಗಳು ನಕ್ಕರು.

“ಮಠಕ್ಕ ಬಂದಾಗ ನೀ ತೊದಲತಿದ್ದೆಲ್ಲೋ ತಮ್ಮಾ, ದಿನಾ ನಸಿಕಿನ್ಯಾಗ ಕೂಡಿಸಿಕೊಂಡು ಆ ನಾಲಗಿ ತಿದ್ದಿದವರು ಯಾರು?”

ಶಂಭುಲಿಂಗ ಎದ್ದು, ನಾಳೆ ಜೋಳ ಮಾತ್ರ ಹೇರಿದರೆ ಸಾಕು ಎಂದು ಗಾಡಿಯವನಿಗೆ ಹೇಳಲು ಹೋದ.