ಒಂದೇ ಕುದಿಯ ತಾಳ

"ಗುರುಗಳೇ, ತಪ್ಪು ಶಂಭುಲಿಂಗನದು. ಅವನು ತಿದ್ದಿಕೊಂಡರೆ ಸಾಲದೇ? ನಾನೇಕೆ ಬದಲಾಗಬೇಕು?" ಎಂದು ಗುರುಪಾದ ಕೇಳಿದ.

ಇಬ್ಬರೂ ಒಂದೇ ಮಠದ ಶಿಷ್ಯರು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು ಈಗ ಮಾತು ಬಿಟ್ಟಿದ್ದರು. ಹೂ ಬಿಡಿಸುತ್ತಿದ್ದ ಗುರುಗಳು ಕಟ್ಟೆಯ ಮೇಲೆ ಕೂತು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ತಾಳದವನಿದ್ದ. ಊರ ಡೊಳ್ಳಿನ ಮೇಳಕ್ಕೆ ಅವನದೇ ತಾಳ. ಡೊಳ್ಳು ಎಷ್ಟೇ ಗುಡುಗಲಿ, ಕುಣಿಯುವವರ ಕಾಲು ಕೇಳುವುದು ತಾಳದ ಮಾತನ್ನೇ. ಆ ಕಂಚಿನ ಜೋಡಿ ಅವನಿಗೆ ಅಪ್ಪನಿಂದ ಬಂದದ್ದು.

ಆ ವರ್ಷ ಊರ ಕೆರೆ ಕೋಡಿ ಬಿತ್ತು. ಮದುವೆಯಾಗಿ ಬಂದ ಸೊಸೆಯರು ಆ ಕೆರೆ ತುಂಬಿದ್ದನ್ನು ಕಂಡೇ ಇರಲಿಲ್ಲ. ಹುಣ್ಣಿಮೆಗೆ ಗಂಗೆಗೆ ಬಾಗಿನ ಕೊಡುವುದೆಂದು ಊರವರು ನಿಶ್ಚಯಿಸಿದರು. ಮೇಳ ಅಭ್ಯಾಸಕ್ಕೆ ನಿಂತಿತು. ಸಂತೋಷಕ್ಕೆ ಎಲ್ಲರ ತೋಳಿಗೂ ಬಲ ಬಂದಿತ್ತು. ತಾಳದವನು ಹೊಡೆದ ಒಂದು ಪೆಟ್ಟಿಗೆ ಎಡಗೈಯ ತಾಳ ಅಂಚಿನಿಂದ ನಡುವಿನವರೆಗೆ ಬಿರಿಯಿತು. ನಾದ ಹೋಗಿ ಒಡೆದ ಮಡಕೆಯ ಸದ್ದು ಉಳಿಯಿತು.

ಅವನು ಕಂಚುಗಾರನಲ್ಲಿಗೆ ಓಡಿದ. ಕಂಚುಗಾರ ಬಿರುಕನ್ನು ಉಗುರಿನಿಂದ ಸವರಿ, "ಇದಕ್ಕೆ ಬೆಸುಗೆ ನಿಲ್ಲದು. ಕರಗಿಸಿ ಹೊಸದಾಗಿ ಎರಕ ಹೊಯ್ಯಬೇಕು. ಅದನ್ನೂ ಕೊಡು" ಎಂದು ಬಲಗೈಯ ತಾಳಕ್ಕೆ ಕೈ ಚಾಚಿದ.

ತಾಳದವನು ಅದನ್ನು ಎದೆಗವಚಿಕೊಂಡ. "ಇದಕ್ಕೇನಾಗಿದೆ? ಕೂದಲೆಳೆಯಷ್ಟೂ ಬಿರುಕಿಲ್ಲ. ಒಡೆದದ್ದನ್ನು ಮಾತ್ರ ಮಾಡಿಕೊಡು."

ಕಂಚುಗಾರ ವಾದಿಸಲಿಲ್ಲ. ಹೇಳಿದಷ್ಟನ್ನೇ ಮಾಡಿಕೊಟ್ಟ. ಹೊಸ ತಾಳ ಬಂಗಾರದಂತೆ ಹೊಳೆಯಿತು. ಒಂದನ್ನೇ ತಟ್ಟಿದರೆ ಇಂಪು, ಹಳೆಯದೂ ಹಾಗೆಯೇ. ಎರಡನ್ನೂ ಕೂಡಿಸಿದರೆ ಮಾತ್ರ ಬೇರೆ ಬೇರೆ ಊರಿನ ನಾಯಿಗಳಂತೆ ಒಂದರ ಮೇಲೊಂದು ಬೀಳುತ್ತಿದ್ದವು. ಕುಣಿಯುವವರು ಒಬ್ಬರ ಕಾಲನ್ನೊಬ್ಬರು ತುಳಿದರು. ಹಿರಿಯ ಡೊಳ್ಳಿನವನು ಕೋಲು ಕೆಳಗಿಟ್ಟು, "ನಿನ್ನ ತಾಳ ಕೇಳಿದರೆ ನನಗೆ ನಡೆಯುವುದೂ ಮರೆತುಹೋಗುತ್ತದೆ, ಮಾರಾಯ" ಎಂದ. ಎಲ್ಲರೂ ನಕ್ಕರು. ತಾಳದವನಿಗೆ ನಗು ಬರಲಿಲ್ಲ.

ಅವನು ಹೊಸ ತಾಳವನ್ನೇ ದೂರಿದ. ಅದರ ಅಂಚು ಉಜ್ಜಿದ, ಹಿಡಿಯ ದಾರ ಬದಲಿಸಿದ, ಹುಣಸೆಹಣ್ಣು ಹಚ್ಚಿ ತೊಳೆದ. ಏನೂ ಆಗಲಿಲ್ಲ. ಹುಣ್ಣಿಮೆ ಹತ್ತಿರ ಬಂತು. ಕೊನೆಗೆ ಎರಡನ್ನೂ ಹಿಡಿದು ಮತ್ತೆ ಕುಲುಮೆಯ ಮುಂದೆ ಬಂದು ಕೂತ.

"ಇದು ನಮ್ಮಪ್ಪನ ಕೈಯಲ್ಲಿ ಸವೆದದ್ದು. ಕರಗಿಸಿದರೆ ಅಪ್ಪನದೇನು ಉಳಿಯುತ್ತದೆ?" ಎಂದ.

"ಕಂಚು ಎಲ್ಲಿಗೆ ಹೋಗುತ್ತದಣ್ಣ?" ಎಂದ ಕಂಚುಗಾರ. "ಬೇರೆ ಬೇರೆ ಬೆಂಕಿಯಲ್ಲಿ ಹುಟ್ಟಿದವು ಒಂದರ ಕೂಗಿಗೆ ಇನ್ನೊಂದು ಓಗೊಡವು. ಇದು ತಪ್ಪಿನ ಮಾತಲ್ಲ, ನಾದದ ಮಾತು."

ತಾಳದವನು ಅಪ್ಪನ ತಾಳವನ್ನು ಒಮ್ಮೆ ಹಣೆಗೊತ್ತಿಕೊಂಡ. ಆಮೇಲೆ ಎರಡನ್ನೂ ತಾನೇ ಮೂಸೆಯೊಳಗಿಟ್ಟ. ತಿದಿ ಉಸಿರಾಡಿತು. ಕಂಚು ಕೆಂಪಾಯಿತು, ಅಂಚು ಕರಗಿತು. ಅಪ್ಪನದು ಯಾವುದು, ಹೊಸದು ಯಾವುದು ಎಂದು ಬಗ್ಗಿ ನೋಡಿದ. ತಿಳಿಯಲಿಲ್ಲ. ಅವನ ಮನಸ್ಸು ಯಾಕೋ ಹಗುರಾಯಿತು.

ಬಾಗಿನದ ದಿನ ಕೆರೆಯ ಏರಿಯ ಮೇಲೆ ಅವನು ಮೊದಲ ಪೆಟ್ಟು ಹಾಕಿದ. ನಾದ ನೀರಿನ ಮೇಲೆ ಹಾಯ್ದು ಆಚೆ ದಡ ಮುಟ್ಟಿ ಮರಳಿತು. ಡೊಳ್ಳುಗಳು ಎದ್ದವು. ಹಿರಿಯ ಡೊಳ್ಳಿನವನು ಹುಡುಗನಂತೆ ನೆಗೆದ. ಮೊರ ಹಿಡಿದ ಸೊಸೆಯರ ಕಾಲು ತಾವಾಗಿ ಹೆಜ್ಜೆ ಹಾಕಿದವು. ಊರುಗೋಲಿಲ್ಲದೆ ನಡೆಯಲಾಗದ ಅಜ್ಜಿಯೊಬ್ಬಳು ಆ ಕೋಲನ್ನೇ ಮೇಲೆತ್ತಿ ಕುಣಿದಳು. ಬಾರಿಸುತ್ತ ಬಾರಿಸುತ್ತ ತಾಳದವನು ಗಟ್ಟಿಯಾಗಿ ನಕ್ಕ.

ಗುರುಗಳು ಕತೆ ಮುಗಿಸಿದರು. ಗುರುಪಾದನ ಮುಖ ಅರಳಿತ್ತು. "ಎಂಥ ಕತೆ, ಗುರುಗಳೇ! ಈಗಲೇ ಹೋಗಿ ಶಂಭುಲಿಂಗನಿಗೆ ಹೇಳುತ್ತೇನೆ. ಅವನಿಗೆ ಬುದ್ಧಿ ಬರುತ್ತದೆ" ಎಂದು ಎದ್ದ.

ಗುರುಗಳು ನಗುತ್ತ ಹೇಳಿದರು: "ಬೆಳಿಗ್ಗೆ ಇದೇ ಕತೆ ಕೇಳಿ, ನಿನಗೆ ಬುದ್ಧಿ ಬರಲೆಂದು ಅವನೂ ನಿನ್ನನ್ನೇ ಹುಡುಕಿಕೊಂಡು ಹೋದ."