ಜಟ್ಟಜ್ಜ ಹೊತ್ತ ಉಪ್ಪು

ಲೋಕ ಆಗಷ್ಟೇ ಹುಟ್ಟಿ ಕಣ್ಣು ಬಿಟ್ಟಿದ್ದ ಕಾಲ. ತನ್ನ ದಡ ಯಾವುದು ಅಂತ ಸಮುದ್ರಕ್ಕೇ ಇನ್ನೂ ಗೊತ್ತಿರಲಿಲ್ಲ. ಏಡಿ ಆಗ ನೆಟ್ಟಗೆ ನಡೆಯುತ್ತಿತ್ತು. ನಂಬಿಕೆ ಇಲ್ಲದಿದ್ದರೆ ಏಡಿಯನ್ನೇ ಕೇಳಿ ನೋಡಿ, ನಾಚಿಕೊಂಡು ಓರೆಯಾಗಿ ಓಡಿಹೋಗುತ್ತದೆ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆ ಕಾಲದಲ್ಲಿ ಗಿಡಮರಗಳೆಲ್ಲ ಓಡೋಡಿ ಹೋಗಿ ತಮತಮಗೆ ಬೇಕಾದ ಜಾಗ ಹಿಡಿದು ಕೂತವು. ತೆಂಗು ಮರಳು ಹಿಡಿಯಿತು. ಗೇರು ಗುಡ್ಡ ಹಿಡಿಯಿತು. ಕಾಂಡ್ಲಾ ಗಿಡ ಬಂದು ಮುಟ್ಟುವಷ್ಟರಲ್ಲಿ ಉಳಿದದ್ದು ಒಂದೇ ಜಾಗ. ಹೊಳೆ ಹೋಗಿ ಸಮುದ್ರ ಸೇರುವ ಅಳಿವೆಯ ಕೆಸರು. ಕಾಲಿಟ್ಟರೆ ಮೊಣಕಾಲು ಮುಳುಗುವ ಕೆಸರು, ದಿನಕ್ಕೆ ಎರಡು ಸಲ ಉಕ್ಕಿ ಬರುವ ಉಪ್ಪುನೀರು. ಇನ್ನೇನು ಮಾಡುವುದು, ಕಾಂಡ್ಲಾ ಅಲ್ಲೇ ಬೇರು ಬಿಟ್ಟಿತು.

ಆ ಗಿಡದ ತೀರ ಕೆಳಗಿನ ಎಲೆಯ ಹೆಸರು ಜಟ್ಟಜ್ಜ. ಎಲ್ಲರಿಗಿಂತ ಮೊದಲು ಚಿಗುರಿದವನು. ಅವನ ಮೇಲೆ ಹಮ್ಮಣ್ಣ, ಹಮ್ಮಣ್ಣನ ಮೇಲೆ ಇನ್ನೂ ಹತ್ತಾರು ಎಲೆ, ತುತ್ತತುದಿಯಲ್ಲಿ ನಿನ್ನೆ ಮೊನ್ನೆ ಕಣ್ಣು ಬಿಟ್ಟ ಸೋಮಿ.

ಜಟ್ಟಜ್ಜನ ಬಾಯಿ ಅಂದರೆ ಬಾಯಿ. ಬೆಳಗಾದರೆ ಶುರು.

"ನಾನು ಚಿಗುರುವಾಗ ಸೂರ್ಯ ಇದ್ದನಲ್ಲ, ಇಷ್ಟೇ ಇದ್ದ, ಕುಂಬಳಕಾಯಿಯಷ್ಟು. ಅಂಚು ಹಿಡಿದು ಹಿಂಡಿದೆ ನೋಡಿ, ಏಳು ಕೊಡ ಬೆಲ್ಲದ ಪಾಕ ಬಂತು!"

"ಏಳೇನಾ ಅಜ್ಜ? ಮೊನ್ನೆ ಐದು ಅಂದಿದ್ದೆ" ಅಂತ ಹಮ್ಮಣ್ಣ.

"ಎರಡು ಕೊಡ ನಿನಗೆ ಹೇಳದೆ ಬಚ್ಚಿಟ್ಟಿದ್ದೆ ಮಾರಾಯ. ಹೇಳಿದ್ರೆ ನೀನು ಉಳಿಸ್ತಿದ್ಯಾ?"

ಎಲೆಗಳೆಲ್ಲ ಅಲ್ಲಾಡಿ ಅಲ್ಲಾಡಿ ನಗುತ್ತಿದ್ದವು. ಜಟ್ಟಜ್ಜ ಹೇಳಿದ್ದನ್ನು ಒಬ್ಬರೂ ನಂಬುತ್ತಿರಲಿಲ್ಲ. ಹೇಳಬೇಡ ಅಂತಲೂ ಒಬ್ಬರೂ ಅನ್ನುತ್ತಿರಲಿಲ್ಲ.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಆಷಾಢದ ಗಾಳಿ ಬುಸುಗುಡುತ್ತ ಬಂದಾಗ ಜಟ್ಟಜ್ಜ ಎದೆ ಉಬ್ಬಿಸಿ ಅನ್ನುತ್ತಿದ್ದ: "ನೀವೆಲ್ಲ ಹಿಂದೆ ಸರಿಯಿರಿ. ಈ ಗಾಳಿಗೆ ನಾನೊಬ್ಬನೇ ಸಾಕು!"

ಆಗ ಎಲ್ಲರೂ ಒಟ್ಟಾಗಿ, "ಬೇಡ ಅಜ್ಜ, ಬೇಡ ಅಜ್ಜ, ನಾವಿದ್ದೇವೆ" ಅನ್ನಬೇಕು. ಅಂದು, ಮೈಗೆ ಮೈ ಒತ್ತಿ ಗಾಳಿಗೆ ನಿಲ್ಲಬೇಕು. ಗಾಳಿ ಹೋದ ಮೇಲೆ ಅಜ್ಜ ಗೊಣಗಬೇಕು: "ನೀವು ಬಿಡ್ಲಿಲ್ಲ. ಬಿಟ್ಟಿದ್ರೆ ಅದರ ಜುಟ್ಟು ಹಿಡಿದು ಈ ಟೊಂಗೆಗೇ ಕಟ್ತಿದ್ದೆ."

ಹುಳ ಬಂದಾಗಲೂ ಹಾಗೇ. "ನನ್ನ ಬಾಯಿಗೆ ಕೊಡಿ ಅದನ್ನ!" "ಬೇಡ ಅಜ್ಜ, ನಾವಿದ್ದೇವೆ." ಅಜ್ಜ ಏಳುವುದು, ಉಳಿದವರು ಕೂರಿಸುವುದು. ಎಷ್ಟೋ ವರ್ಷ ಇದೇ ನಡೆಯಿತು. ಎಲೆಗೆ ಅಷ್ಟು ವರ್ಷ ಆಯಸ್ಸು ಎಲ್ಲಿದೆ ಅನ್ನಬೇಡಿ, ಆಗಿನ ಎಲೆಗಳು ಆಗಿನವೇ.

ಇನ್ನು ಉಪ್ಪಿನ ವಿಚಾರ.

ಮೊದಲು ಉಪ್ಪು ಇರಲೇ ಇಲ್ಲ. ಒಬ್ಬ ಇದ್ದ, ನೀರು ಕಂಡರೆ ಭಗ್ಗನೆ ಉರಿಯುವ ಸಿಟ್ಟಿನವನು. ಒಬ್ಬಳಿದ್ದಳು, ಹತ್ತಿರ ಹೋದವರ ಉಸಿರು ಕಟ್ಟಿಸುವ ಹಸಿರುಗಣ್ಣಿನವಳು. ಅವನ ಮಡಿಲಲ್ಲಿ ಒಂದು ಕಾಳು ಹೆಚ್ಚು, ಅವಳ ಮಡಿಲಲ್ಲಿ ಒಂದು ಕಾಳು ಕಮ್ಮಿ. ಅವನು ಕೊಟ್ಟ, ಅವಳು ತಗೊಂಡಳು. ಅವತ್ತೇ ಇಬ್ಬರ ಸಿಟ್ಟೂ ಇಳಿಯಿತು. ಕೈ ಕೈ ಹಿಡಿದು ಬೆಳ್ಳಗೆ ಕೂತುಬಿಟ್ಟರು. ಅದೇ ಉಪ್ಪು.

ಆದರೆ ನೀರಿನ ಬುದ್ಧಿ ಗೊತ್ತಲ್ಲ. ಇಬ್ಬರು ಕೈ ಹಿಡಿದು ಕೂತದ್ದು ಕಂಡರೆ ಅದಕ್ಕೆ ಸೈರಣೆ ಇಲ್ಲ. ನಡುವೆ ನುಗ್ಗಿ ಕೈ ಬಿಡಿಸಿ, ಅವನನ್ನೊಂದು ಕಡೆ ಅವಳನ್ನೊಂದು ಕಡೆ ತಬ್ಬಿಕೊಂಡು ಹೊರಟೇಬಿಡುತ್ತದೆ. ಉಪ್ಪು ಕರಗುವುದು ಅಂದರೆ ಅದು. ಹಾಗೆ ಕರಗಿ ಕರಗಿ ಸಮುದ್ರವೆಲ್ಲ ಉಪ್ಪಾಯಿತು. ಒಂದು ಬೇಸಿಗೆಯಲ್ಲಿ ಹೊಳೆ ಸೊರಗಿತು, ಸಮುದ್ರ ಅಳಿವೆಯ ಒಳಗೆ ಏರಿ ಬಂತು.

ಕಾಂಡ್ಲಾ ಗಿಡದ ಕೆಳಬಾಗಿಲು ಕಾಯುವವಳು ಬೇರಕ್ಕ. ಗಟ್ಟಿಗಿತ್ತಿ. ಬಂದ ಉಪ್ಪಿನಲ್ಲಿ ನೂರಕ್ಕೆ ತೊಂಬತ್ತನ್ನು ಹೊರಗೇ ತಡೆದು ನಿಲ್ಲಿಸುತ್ತಿದ್ದಳು. ಆದರೂ ಹತ್ತು ನುಸುಳುತ್ತಿತ್ತು.

ಅದು ಸಾಲದು ಅಂತ ನೀರು ಬೇರೆ ಹಟ ಹಿಡಿಯಿತು. ಬಾಗಿಲವರೆಗೆ ಬಂದು ನಿಂತಿತು, ಒಳಗೆ ಬರಲಿಲ್ಲ.

"ಬಾರೋ ಮಾರಾಯ, ಮಕ್ಕಳು ಬಾಯಾರಿ ಸಾಯ್ತಾ ಇದ್ದಾವೆ" ಎಂದಳು ಬೇರಕ್ಕ.

"ನನ್ನ ಜಾತಕ ಗೊತ್ತಿಲ್ವಾ ನಿನಗೆ?" ಎಂದಿತು ನೀರು. "ಉಪ್ಪು ಎಲ್ಲಿ ಹೆಚ್ಚೋ ನನ್ನ ಕಾಲು ಅಲ್ಲಿಗೇ ಎಳೀತದೆ. ಈಗ ಹೊರಗೆ ಹೆಚ್ಚು. ಮೇಲೆ ನಿಮ್ಮ ಎಲೆಗಳಲ್ಲಿ ಉಪ್ಪು ಕೂಡಿಟ್ರೆ ಮೇಲೆ ಬರ್ತೇನೆ. ಇಲ್ಲದಿದ್ರೆ ಒಳಗಿದ್ದದ್ದೂ ಹೊರಗೆ ಬಂದೀತು, ಹುಷಾರು."

ಸುತ್ತ ನೀರು, ನಡುವೆ ಬಾಯಾರಿದ ಗಿಡ. ಎಲೆಗಳು ಮುದುರಿದವು. ಸೋಮಿ ಅಂತೂ ಚಿಗುರುವಾಗ ಇದ್ದಷ್ಟೇ ಇದ್ದಳು, ಬೆಳೆಯಲೇ ಇಲ್ಲ.

ಒಂದು ಮಧ್ಯಾಹ್ನ ಸಮುದ್ರದ ಇಳಿತದ ಹೊತ್ತಿಗೆ ಬೇರಕ್ಕ ಎಲ್ಲರನ್ನೂ ಕರೆದಳು.

ಎಲೆ ಅಂದರೆ ಬರೀ ಎಲೆಯಲ್ಲ, ಒಂದೊಂದು ಎಲೆಯೂ ಒಂದೊಂದು ಊರು. ಒಳಗೆ ಕಣ್ಣಿಗೆ ಕಾಣದ ಸಾವಿರಾರು ಮನೆ. ಮನೆಮನೆಗೂ ಎಣ್ಣೆಯ ಗೋಡೆ. ಮಣ್ಣಿನ ಗೋಡೆಯಾದರೆ ನೀರು ಕರಗಿಸಿಬಿಡುತ್ತದೆ, ಎಣ್ಣೆಯ ಹತ್ತಿರ ಅದರ ಆಟ ನಡೆಯುವುದಿಲ್ಲ. ಗೋಡೆಯಲ್ಲಿ ಬಾಗಿಲುಗಳು. ನೀರಿನ ಬಾಗಿಲಲ್ಲಿ ಉಪ್ಪು ಹಿಡಿಸದು, ಉಪ್ಪಿನ ಬಾಗಿಲಲ್ಲಿ ಹಮಾಲರು. ಆ ಹಮಾಲರು ಪುಕ್ಕಟೆ ಕೈ ಎತ್ತುವವರಲ್ಲ. ಒಂದು ಹೊರೆ ಹೊತ್ತರೆ ಒಂದು ಚೂರು ಬೆಲ್ಲ. ಮನೆಯ ನಡುವೆ ಒಂದು ಉಗ್ರಾಣ. ಉಪ್ಪನ್ನು ಆ ಉಗ್ರಾಣಕ್ಕೆ ತುಂಬಿ ಬಾಗಿಲು ಜಡಿದರೆ ಪರವಾಗಿಲ್ಲ. ಉಗ್ರಾಣ ತುಂಬಿ ಮನೆಯೊಳಗೆ ಚೆಲ್ಲಿತೋ, ಬಿಸಿಲಲ್ಲಿ ಬೆಲ್ಲ ಕಾಯಿಸುವ ಒಲೆ ಆರಿತು ಅಂತಲೇ ಲೆಕ್ಕ.

"ಎಲ್ಲರೂ ಸ್ವಲ್ಪ ಸ್ವಲ್ಪ ತಗೊಳ್ಳಿ" ಎಂದಳು ಬೇರಕ್ಕ. "ಅಥವಾ ಯಾರಾದ್ರೂ ಒಬ್ಬರು ತಗೊಳ್ಳಿ. ಎಂತದಾದ್ರೂ ಒಂದು ಬೇಗ ಹೇಳಿ."

ಎಲೆಗಳು ಒಂದರ ಮುಖ ಒಂದು ನೋಡಿದವು.

ಜಟ್ಟಜ್ಜನಿಗೆ ಮಾತಿಲ್ಲದ ಜಾಗ ಕಂಡರೆ ತಡೆಯಲಾಗುತ್ತಿರಲಿಲ್ಲ. ಎದೆ ಉಬ್ಬಿಸಿದ.

"ಉಪ್ಪು! ಇದಕ್ಕೆ ಇಷ್ಟೆಲ್ಲ ಗಡಿಬಿಡಿಯಾ? ನನ್ನ ಉಗ್ರಾಣ ನೋಡಿದೀರಾ? ಸಮುದ್ರ ಬಂದು ಕೂತ್ರೂ ಕಾಲು ಚಾಚೋಕೆ ಜಾಗ ಇದೆ. ಎಲ್ಲಾ ನನ್ನ ತಲೆ ಮೇಲೆ ಸುರೀರಿ!"

ಹೇಳಿ, ಕಾದ. ಈಗ ಬರಬೇಕು, ಬೇಡ ಅಜ್ಜ, ಬೇಡ ಅಜ್ಜ. ಒಂದು ಗಳಿಗೆ ಹೋಯಿತು. ಬಾಯಾರಿದವರಿಗೆ ಗಂಟಲು ಒಣಗಿರುತ್ತದೆ, ಮಾತು ತಡವಾಗುತ್ತದೆ ಅಂದುಕೊಂಡ. ಇನ್ನೊಂದು ಗಳಿಗೆ ಹೋಯಿತು. ಹಮ್ಮಣ್ಣನ ಕಡೆ ನೋಡಿದ. ಮೊದಲು 'ಬೇಡ' ಅನ್ನುವವನು ಯಾವಾಗಲೂ ಹಮ್ಮಣ್ಣನೇ.

ಹಮ್ಮಣ್ಣ ಲೆಕ್ಕ ಹಾಕುತ್ತಿದ್ದ. 'ಬೇಡ ಅಜ್ಜ' ಅಂದುಬಿಟ್ಟರೆ ಮುಂದೆ ಹೊರುವವನು ಯಾರು? ಅಜ್ಜನ ಮೇಲಿನವನು. ಅಜ್ಜನ ಮೇಲಿನವನು ಯಾರು?

"ಅಜ್ಜನ ಅಂಥಾ ಉಗ್ರಾಣ ನಮಗೆಲ್ಲಿ ಬರಬೇಕು?" ಎಂದ ಹಮ್ಮಣ್ಣ.

"ಹೌದು ಹೌದು" ಅಂದವು ಉಳಿದ ಎಲೆಗಳು. "ಸೂರ್ಯನ್ನೇ ಹಿಂಡಿದವನಿಗೆ ಇದೊಂದು ಭಾರವಾ?"

ಸೂರ್ಯನ ಮಾತನ್ನು ಒಬ್ಬರೂ ನಂಬಿರಲಿಲ್ಲ. ಗಾಳಿಯ ಮಾತನ್ನೂ ನಂಬಿರಲಿಲ್ಲ. ಉಪ್ಪಿನ ಮಾತನ್ನು ಮಾತ್ರ ಎಲ್ಲರೂ ನಂಬಿದರು.

ಆಡಿದ ಮಾತನ್ನು ಅಜ್ಜ ಹೇಗೆ ನುಂಗಿಯಾನು? "ಮತ್ತೆ!" ಎಂದ. ಆ 'ಮತ್ತೆ' ಸ್ವಲ್ಪ ಸಣ್ಣದಾಗಿ ಬಂತು.

ಮರುದಿನದಿಂದ ಉಪ್ಪು ಏರತೊಡಗಿತು. ಅಜ್ಜನ ಹಮಾಲರು ಹೊತ್ತರು, ಉಗ್ರಾಣಕ್ಕೆ ತುಂಬಿದರು, ಬೆಲ್ಲ ಕೇಳಿದರು. ಉಪ್ಪಿನ ಬೆನ್ನಿಗೆ ನೀರೂ ಏರಿ ಬಂತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರಲ್ಲ, ಇಲ್ಲಿ ಮಾತ್ರ ತಿಂದವನು ಒಬ್ಬ, ಕುಡಿದವರು ಎಲ್ಲರೂ. ಮೇಲಿನ ಎಲೆಗಳು ಅರಳಿದವು. ಸೋಮಿ ಎರಡೇ ವಾರದಲ್ಲಿ ಅಂಗೈ ಅಗಲ ಆದಳು.

ಅಜ್ಜನೂ ಉಬ್ಬಿದ. ಉಗ್ರಾಣ ಉಬ್ಬಿ ಉಬ್ಬಿ ಮೈಯೆಲ್ಲ ದಪ್ಪಗಾಯಿತು.

"ಅಜ್ಜ ಚೆನ್ನಾಗಿ ಉಣ್ತಾ ಇದ್ದಾನೆ ನೋಡ್ರೋ" ಅಂದವು ಎಲೆಗಳು.

ಜಟ್ಟಜ್ಜ ಸುಮ್ಮನಿದ್ದ. ಅವನು ಸುಮ್ಮನಿದ್ದದ್ದು ಅದೇ ಮೊದಲು. ಯಾರೂ ಗಮನಿಸಲಿಲ್ಲ.

ಒಂದು ದಿನ ಬೆಲ್ಲ ಮುಗಿಯಿತು.

"ಹಮ್ಮಣ್ಣಾ, ಒಂದು ಚೂರು ಬೆಲ್ಲ ಇದ್ರೆ ಈಚೆ ಕೊಡ್ತೀಯಾ? ನನಗಲ್ಲ. ಈ ಹಮಾಲರಿಗೆ."

"ಅಯ್ಯೋ ಅಜ್ಜ, ನಮ್ಮದು ನಮಗೇ ಸಾಲದು. ನೀನು ಏಳು ಕೊಡ ಇಟ್ಟಿದ್ಯಲ್ಲ?"

ಎಲೆಗಳು ನಕ್ಕವು. ಮೊದಲು ನಗುತ್ತಿದ್ದ ಹಾಗೆಯೇ ನಕ್ಕವು. ಅಜ್ಜನೂ ನಕ್ಕ. ಏಳು ಕೊಡದ ಪಾಕವನ್ನು ಅವನೇ ಕಾಯಿಸಿದ್ದು, ಈಗ ಅವನೇ ಕುಡಿಯಬೇಕಾಯಿತು. ಬೆಲ್ಲ ಸಿಗದ ಹಮಾಲರು ಹೊರೆ ಇಳಿಸಿದರು, ಉಪ್ಪು ಮನೆಯೊಳಗೆ ಚೆಲ್ಲಿ ಒಲೆ ಆರಿತು.

ಮತ್ತೊಂದು ದಿನ ಹಮ್ಮಣ್ಣನೇ ಕೆಳಗೆ ಬಾಗಿದ.

"ಅಜ್ಜ, ಒಂದು ಮಾತು. ಬೇಸರ ಮಾಡ್ಕೋಬೇಡ. ನಿನ್ನ ಒಲೆ ಹೇಗೂ ಆರಿದೆ. ಆ ಹಸಿರು ನಿನಗಿನ್ನು ಎಂತಕ್ಕೆ? ಸೋಮಿ ಬೆಳೀತಾ ಇದ್ದಾಳೆ. ಅವಳಿಗಾದ್ರೂ ಆಗ್ತದೆ."

ಜಟ್ಟಜ್ಜ ತನ್ನ ಮೈಯ ಹಸಿರನ್ನು ನೋಡಿಕೊಂಡ.

"ಈ ಹಸಿರು ಎಲ್ಲಿಂದ ತಂದದ್ದು ಗೊತ್ತಾ? ಗಿಳಿಯ ರೆಕ್ಕೆಯಿಂದ ಕಿತ್ತು ತಂದದ್ದು" ಎಂದ.

"ಗೊತ್ತು ಗೊತ್ತು, ನೀನೇ ಹೇಳಿದ್ಯಲ್ಲ" ಎಂದ ಹಮ್ಮಣ್ಣ, ಕಥೆ ಮುಂದುವರಿಸಲು ಬಿಡದೆ.

ಮೇಲಿನವರ ಹಮಾಲರು ಬಂದು ಹಸಿರನ್ನು ಹೊತ್ತು ಮೇಲೆ ಹೋದರು. ಅಜ್ಜನ ಮೈ ಮೊದಲು ಅಂಚಿನಲ್ಲಿ, ಆಮೇಲೆ ನಡುವಿನಲ್ಲಿ ಹಳದಿಯಾಯಿತು.

ಆಗ ಮೇಲಿಂದ ಒಂದು ದನಿ ಬಂತು. ಸೋಮಿ. ಅವಳಿಗೆ ಮನೆಯ ರೂಢಿ ಇನ್ನೂ ಗೊತ್ತಿರಲಿಲ್ಲ. ಏನು ಅನ್ನಿಸಿತೋ ಅದನ್ನೇ ಕೇಳುವ ವಯಸ್ಸು.

"ಅಜ್ಜಾ, ಭಾರವಾ?"

ಹಮ್ಮಣ್ಣ ಬೇರೆ ಕಡೆ ಮುಖ ತಿರುಗಿಸಿದ.

ಜಟ್ಟಜ್ಜ ಇಷ್ಟು ದಿನ ಕಾದದ್ದು ಇದಕ್ಕೇ. ಹೌದು ಮಗಾ ಅಂದರೆ ಸಾಕಿತ್ತು. ಎರಡೇ ಮಾತು. ಆದರೆ ಅಷ್ಟು ಎತ್ತರದಿಂದ ಅಷ್ಟು ಚಿಕ್ಕ ಮುಖ ಬಗ್ಗಿ ನೋಡುತ್ತಿದೆ, ಕೇಳಿಸಿಕೊಳ್ಳಲು ಎಲ್ಲ ಎಲೆಗಳೂ ಕಿವಿಯಾಗಿವೆ. ಜೀವಮಾನದಲ್ಲಿ ಒಮ್ಮೆಯೂ ಸಣ್ಣ ಮಾತು ಆಡದ ಬಾಯಿ ಅದು.

"ಭಾರವಾ?" ಎಂದು ಎದೆ ಉಬ್ಬಿಸಿದ. "ಇದು ಬರೀ ತಿಂಡಿ ಮಗಾ, ಊಟ ಇನ್ನೂ ಬಂದಿಲ್ಲ. ಇನ್ನೂ ನಾಲ್ಕು ಸಮುದ್ರ ಇದ್ರೆ ಕಳ್ಸೋಕೆ ಹೇಳು!"

"ಹೌದಾ!" ಎಂದಳು ಸೋಮಿ. ಅವಳು ನಂಬಿದಳು. ಅಜ್ಜನ ಬಡಾಯಿಯನ್ನು ಮನಸಾರೆ ನಂಬಿದವಳು ಅವಳೊಬ್ಬಳೇ. ನಂಬಿ, ಗಾಳಿಯ ಜೊತೆ ಆಡಲು ತಿರುಗಿಕೊಂಡಳು.

ಅವತ್ತು ಸಂಜೆಯಿಂದ ಅಜ್ಜನ ಕುತ್ತಿಗೆಯ ಹತ್ತಿರ, ತೊಟ್ಟು ಟೊಂಗೆಗೆ ಸೇರುವ ಕಡೆ, ಗಿಡ ಒಂದು ಗೋಡೆ ಕಟ್ಟತೊಡಗಿತು. ಸಪ್ಪಳವಿಲ್ಲದೆ, ಒಂದೊಂದೇ ಇಟ್ಟಿಗೆ ಇಟ್ಟು. ಮೊದಲು ನೀರಿನ ದಾರಿ ಮುಚ್ಚಿತು, ಆಮೇಲೆ ಬೆಲ್ಲದ ದಾರಿ. ಅಜ್ಜ ಕಥೆ ಹೇಳುತ್ತಲೇ ಇದ್ದ. ದನಿ ಗೋಡೆ ದಾಟಿ ಆಚೆ ಹೋಗುತ್ತಿರಲಿಲ್ಲ, ಅವನಿಗದು ಗೊತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಗಾಳಿ ಕೂಡ ಇರಲಿಲ್ಲ. ಜಟ್ಟಜ್ಜ ತಾನಾಗಿಯೇ ಬಿದ್ದ. ಗಿಡ ಅಲ್ಲಾಡಲಿಲ್ಲ.

ಕೆಸರಿನಲ್ಲಿ ಎಲ್ಲವನ್ನೂ ನೋಡುತ್ತ ಕೂತಿದ್ದ ಏಡಿ ನೆಟ್ಟಗೆ ನಡೆದು ಬಂತು. ಮೇಲಕ್ಕೆ ಆ ಹಸಿರು ಎಲೆಗಳನ್ನು ನೋಡಿತು, ಕೆಳಗೆ ಅಜ್ಜನನ್ನು ನೋಡಿತು. ನೋಡಲಾಗಲಿಲ್ಲ. ಮುಖ ಆ ಕಡೆ ಮಾಡಿ, ಅಜ್ಜನನ್ನು ಇಕ್ಕಳದಂಥ ಕೊಂಬಿನಲ್ಲಿ ಹಿಡಿದು, ಓರೆಯಾಗಿ ಬಿಲಕ್ಕೆ ಎಳೆದುಕೊಂಡು ಹೋಯಿತು. ಆಮೇಲೆ ನೆಟ್ಟಗೆ ನಡೆಯಲೇ ಇಲ್ಲ.

ಸಮುದ್ರದ ಭರತ ಏರಿತು. ಬೇರಕ್ಕ ಕೆಳಗಿಂದ ಕೂಗಿದಳು: "ಉಪ್ಪು ಬಂತು! ಕೆಳಗಿನ ಎಲೆ ಯಾರು?"

ಹಮ್ಮಣ್ಣ ಕೆಳಗೆ ನೋಡಿದ. ಅವನ ಕೆಳಗೆ ಯಾರೂ ಇರಲಿಲ್ಲ.

"ನನ್ನದು ಚಿಕ್ಕ ಉಗ್ರಾಣ ಬೇರಕ್ಕ" ಎಂದ.

"ಅಜ್ಜ ಹೊತ್ತಿರ್ಲಿಲ್ವಾ?" ಎಂದವು ಮೇಲಿನ ಎಲೆಗಳು. "ಅಜ್ಜನ ಪಕ್ಕದಲ್ಲೇ ಬೆಳೆದವನು ನೀನು. ನಿನಗೆ ಎಂತ ಭಾರ?"

"ಸರಿ ಹಾಗಾದ್ರೆ, ನಾನೇ ಹೊರ್ತೇನೆ" ಎಂದ ಹಮ್ಮಣ್ಣ.

ಹೇಳಿ, ಕಾದ.

ಈಗಲೂ ಅಳಿವೆಯ ಕಡೆ ಹೋದರೆ ನೋಡಿ ಮಕ್ಕಳೇ, ಹಚ್ಚಹಸಿರು ಕಾಂಡ್ಲಾ ಗಿಡದಲ್ಲಿ ತೀರ ಕೆಳಗೆ ಒಂದೇ ಒಂದು ದಪ್ಪ ಎಲೆ ಹಳದಿಯಾಗಿ ನಿಂತಿರುತ್ತದೆ. ನಾಲಿಗೆಗೆ ಮುಟ್ಟಿಸಿದರೆ ಉಪ್ಪು, ಮತ್ತು ಅದು ಉದುರಿದಾಗ ಮೇಲಿನ ಒಂದು ಎಲೆಯೂ ಅಲ್ಲಾಡುವುದಿಲ್ಲ.