ಹೊಟ್ಟೆ ತುಂಬಿದ ಕಬ್ಬಿಣದ ಕಾಲು

"ಕಡಲ ನಡುವಿನ ದೀಪದ ಅಟ್ಟದ ಬಗ್ಗೆ ಮೂರು ಒಗಟು! ಬಿಡಿಸಿದವನಿಗೆ ರಾಜಕುಮಾರಿ ನೀಲಾಂಬೆ, ಜೊತೆಗೆ ಅಟ್ಟದ ಅಧಿಕಾರ. ತಪ್ಪಿದವನಿಗೆ ತಲೆದಂಡ!"

ದೊರೆ ಹೀಗೆ ಡಂಗುರ ಸಾರಿಸಿದಾಗ ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಟೊಳ್ಳು ಕಾಲುಗಳ ಮೇಲೆ ಆ ಕಬ್ಬಿಣದ ಅಟ್ಟ ನಿಲ್ಲಿಸಿದವನು ನಾನು, ಅರಮನೆಯ ಕಮ್ಮಾರ ದಾಸಾಚಾರಿ. ಅಧಿಕಾರ ಕಂಡವರ ಪಾಲಾಗಬೇಕೆ? ಆದರೂ ತಲೆ ಉಳಿಸಿಕೊಳ್ಳುವ ಆಸೆಗೆ ಒಗಟಿನ ತಂಟೆಗೆ ಹೋಗಲಿಲ್ಲ.

ನೀಲಾಂಬೆಯೇ ಕೇಳಿದಳು. "ಅಣ್ಣ ನೀರಿನೊಳಗೆ, ತಮ್ಮ ಗಾಳಿಯಲ್ಲಿ, ನಡುವಿನವನು ಎರಡರಲ್ಲೂ. ಹಲ್ಲಿಲ್ಲದವನೊಬ್ಬ ಮೊದಲು ಯಾರನ್ನು ತಿನ್ನುತ್ತಾನೆ?" ಅಣ್ಣನನ್ನು ಎಂದ ಸಾಮಂತನ ಮಗ ತಲೆದಂಡಕ್ಕೆ ಕಾಯುತ್ತ ಸೆರೆಮನೆ ಸೇರಿದ. ಎರಡನೆಯದು, "ಹೊಟ್ಟೆ ಬರಿದಾಗಿದ್ದರೆ ಆರೋಗ್ಯ, ತುಂಬಿದರೆ ಕಾಯಿಲೆ. ಯಾರವನು?" ಸನ್ಯಾಸಿ ಎಂದ ದಳವಾಯಿಯೂ ಅವನ ಹಿಂದೆಯೇ ಹೋದ. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಆಗ ಎದ್ದವನು ಮುದರ. ಅಟ್ಟದ ಕಾಲಿಗೆ ಅಂಟಿದ ಪಚ್ಚಿಲೆ ಚಿಪ್ಪುಗಳನ್ನು ಉಳಿಯಿಂದ ಕಿತ್ತು ಮಾರುವವನು. ಇವನೂ ಸೋಲಲಿ ಎಂದು ಹರಕೆ ಹೊತ್ತೆ.

"ತಿನ್ನುವುದು ತುಕ್ಕು, ಅಮ್ಮಾ. ಮೊದಲು ನಡುವಿನವನನ್ನು, ಅಂದರೆ ಕಾಲಿನ ನಡುಭಾಗವನ್ನು. ಅಲೆ ಬಡಿದು ನೆನೆದು ಒಣಗುವ ಕಡೆಯೇ ಕಬ್ಬಿಣ ಬೇಗ ಸವೆಯುತ್ತದೆ. ಎರಡನೆಯದು ಅಟ್ಟದ ಕಾಲು. ಬಿರುಕು ಬಿಟ್ಟರೆ ಟೊಳ್ಳಿನೊಳಗೆ ನೀರು ತುಂಬುತ್ತದೆ."

"ನಿಂತಲ್ಲೇ ತೂಗುತ್ತಾನೆ, ತೂಗಾಟ ನಿಧಾನವಾದಷ್ಟೂ ಸಾವು ಹತ್ತಿರ. ಯಾರವನು?" ನೀಲಾಂಬೆ ಮೂರನೆಯದು ಕೇಳಿದಳು.

"ಅಟ್ಟವೇ, ಅಮ್ಮಾ. ಮೊದಲಿಗಿಂತ ಈಗ ನಿಧಾನವಾಗಿ ತೂಗುತ್ತಿದೆ. ಉಳಿ ತಾಗಿದರೆ ಮೂರು ಕಾಲುಗಳು ಗಂಟೆ ಬಾರಿಸಿದ ಹಾಗೆ ಮೊಳಗುತ್ತವೆ, ತೆಂಕಣದ್ದು ಮಾತ್ರ ಮೂಕವಾಗಿದೆ. ಅದರ ಹೊಟ್ಟೆ ತುಂಬಿದೆ."

ದೊರೆ ದೋಣಿ ಕಳಿಸಿ ಆ ಕಾಲಿಗೆ ತೂತು ಕೊರೆಸಿದ. ನೀರು ಚಿಮ್ಮಿತು. ನೀನು ಯಾಕೆ ತಟ್ಟಿ ನೋಡಲಿಲ್ಲ ಎಂದು ನನ್ನನ್ನು ಕೇಳಿದ. ಆಯುಧಪೂಜೆಯಲ್ಲಿ ಕುಂಕುಮ ಇಟ್ಟ ಕಬ್ಬಿಣಕ್ಕೆ ಸುತ್ತಿಗೆ ತಾಗಿಸುವುದು ನಮ್ಮವರಿಗೆ ಪಾಪ. ಎಣ್ಣೆ ಬಳಿದು, ಹೊಳಪು ನೋಡಿ, ಗಟ್ಟಿಯಾಗಿದೆ ಎಂದು ಬರೆದುಕೊಡುತ್ತಿದ್ದೆವು. ದೊರೆ ಕತ್ತಿ ಹಿರಿದ.

"ಬಹುಮಾನದ ಜೊತೆ ಮೂರು ತಲೆಗಳನ್ನೂ ಕಡಿಯದೆ ನನಗೆ ಕೊಡಿ ಪ್ರಭು," ಎಂದ ಮುದರ. "ಸೆರೆಯಲ್ಲಿರುವ ಇಬ್ಬರದು, ಆಚಾರ್ರದು. ಕಾಲು ಬದಲಿಸಲು ಆಚಾರ್ರಿಗಷ್ಟೇ ಬರುತ್ತದೆ."

ದೊರೆ ಒಪ್ಪಿದ. ಮುದರನ ಮದುವೆಯ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಹೊಸ ಕಾಲು ನಿಲ್ಲಿಸಿದೆ. ಈಗ ತಿಂಗಳಿಗೊಮ್ಮೆ ದೋಣಿಯಲ್ಲಿ ಹೋಗಿ ನಾಲ್ಕೂ ಕಾಲು ತಟ್ಟುತ್ತೇನೆ. ಹೇಗಿದೆ ಆಚಾರ್ರೆ ಎಂದು ಮುದರ ಅಟ್ಟದ ಮೇಲಿನಿಂದ ಪ್ರೀತಿಯಿಂದಲೇ ಕೇಳುತ್ತಾನೆ. ಗಟ್ಟಿಯಾಗಿದೆ ಒಡೆಯಾ ಎನ್ನಬೇಕು. ಗಟ್ಟಿಯಾಗಿದೆ ಎನ್ನುವುದು ಸಲೀಸಾಗಿ ಬರುತ್ತದೆ. ಒಡೆಯಾ ಎನ್ನಲು ಇವತ್ತಿಗೂ ಎರಡು ಸಲ ಉಗುಳು ನುಂಗುತ್ತೇನೆ.